ತಿಂಗಳ ಸಾಮಾನು ತರುವ ಮುನ್ನ: ಚೀಟಿಯ ಲೆಕ್ಕ, ಪೊಟ್ಟಣದ ಬೆನ್ನು

ಯಾವ ಎಣ್ಣೆ ತರಬೇಕು ಒಂದೇ ಮಾತಲ್ಲಿ ಹೇಳಿ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇವೆ, ಅಷ್ಟು ಸಾಕಲ್ಲವೇ? ಮಲ್ಟಿಗ್ರೇನ್ ಹಿಟ್ಟಿಗೆ ದುಪ್ಪಟ್ಟು ದುಡ್ಡು ಕೊಡಬಹುದೇ? ಮಕ್ಕಳಿಗೆ ಯಾವ ಬಿಸ್ಕತ್ತು ಪರವಾಗಿಲ್ಲ? ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಎಲ್ಲರಿಗೂ ಬೇಕಿರುವುದು ಒಂದು ಬ್ರ್ಯಾಂಡಿನ ಹೆಸರು. ಅದನ್ನು ಹೇಳಿ ಪ್ರಯೋಜನವಿಲ್ಲ. ಇವತ್ತು ಹೇಳಿದರೆ ನಾಳೆ ಕಂಪನಿಯವರು ಒಳಗಿನ ಪದಾರ್ಥವನ್ನೇ ಬದಲಿಸಿರುತ್ತಾರೆ, ಹೊರಗಿನ ಕವರು ಮಾತ್ರ ಹಾಗೇ ಇರುತ್ತದೆ. ಅದರ ಬದಲು ಯಾವ ಪೊಟ್ಟಣ ಕೈಗೆ ಬಂದರೂ ನೀವೇ ತೀರ್ಮಾನ ಮಾಡುವಂತೆ ಈ ಲೇಖನ ಬರೆದಿದ್ದೇನೆ.

ನನ್ನ ವಾದ ಇಷ್ಟೇ. ಮನೆಗೆ ಬಂದ ಸಾಮಾನು ಖರ್ಚಾಗಿಯೇ ಆಗುತ್ತದೆ. ಡಬ್ಬಿಯಲ್ಲಿ ಖಾರ ಇದ್ದರೆ ಸಂಜೆ ಕಾಫಿಗೆ ಮುಗಿಯುತ್ತದೆ, ಕ್ಯಾನಿನಲ್ಲಿ ಎಣ್ಣೆ ಇದ್ದರೆ ಬಾಣಲೆಗೆ ಬೀಳುತ್ತದೆ. ಹಿಡಿತ ಏನಿದ್ದರೂ ಚೀಟಿ ಬರೆಯುವಾಗ ಮತ್ತು ಅಂಗಡಿಯಲ್ಲಿ ನಿಂತಾಗಲೇ ಇರಬೇಕು. ತಟ್ಟೆಯ ಮುಂದೆ ಕೂತ ಮೇಲೆ ಮಾಡುವ ಪಥ್ಯ ಎರಡು ದಿನದ್ದು.

ಬೇಕಾದ್ದು ಹೆಚ್ಚೇನಿಲ್ಲ: ಕಳೆದ ತಿಂಗಳ ಬಿಲ್ಲು, ಒಂದು ಚೀಟಿ, ಒಂದು ಮೊಬೈಲು. ಪೊಟ್ಟಣದ ಹಿಂದಿನ ಅಕ್ಷರ ಇರುವೆ ಸಾಲಿನ ಹಾಗಿರುತ್ತದೆ, ಫೋಟೋ ತೆಗೆದು ದೊಡ್ಡದು ಮಾಡಿ ಓದುವುದೇ ಸುಲಭ. ಇನ್ನೊಂದು, ಹೊಟ್ಟೆ ಹಸಿದುಕೊಂಡು ಹೋಗಬೇಡಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿಡ್ನಿ ತೊಂದರೆ ಇರುವವರಿಗೆ, ಬಸುರಿ ಬಾಣಂತಿಯರಿಗೆ ವೈದ್ಯರು ಹೇಳಿದ ಲೆಕ್ಕವೇ ಲೆಕ್ಕ. ಇಲ್ಲಿರುವುದು ಆರೋಗ್ಯವಾಗಿರುವ ಮನೆಮಂದಿಗೆ.

1. ಚೀಟಿಯಲ್ಲೇ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರದ ಹೊಸ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲರಿ ಬೇಕಿರುವ ಒಬ್ಬರಿಗೆ ಅದು ಹೇಳುವ ಪ್ರಮಾಣವನ್ನು ತಿಂಗಳಿಗೆ ಗುಣಿಸಿದರೆ ನಿಮ್ಮ ಚೀಟಿ ತಾನಾಗಿ ಸಿದ್ಧವಾಗುತ್ತದೆ. ನಾಲ್ಕು ಜನರ ಮನೆ ಎಂದಿಟ್ಟುಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಇನ್ನೂ ಕಡಿಮೆ ಮಾಡಿ.

ಎಣ್ಣೆ: ಒಬ್ಬರಿಗೆ ದಿನಕ್ಕೆ ಸುಮಾರು 27 ಗ್ರಾಂ, ತಿಂಗಳಿಗೆ 810 ಗ್ರಾಂ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ ನಾಲ್ವರಿಗೆ ಮೂರೂವರೆ ಲೀಟರ್, ಅದೂ ತುಪ್ಪ, ಬೆಣ್ಣೆ ಎಲ್ಲ ಸೇರಿ. ಐದು ಲೀಟರಿನ ಕ್ಯಾನು ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಯಾವ ಎಣ್ಣೆ ಎಂಬ ಪ್ರಶ್ನೆ ಆಮೇಲಿನದು, ಎಷ್ಟು ಎಂಬುದು ಮೊದಲಿನದು.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಸಣ್ಣ ಚಮಚ. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕೆಜಿ ಪ್ಯಾಕೆಟ್ಟು ಐವತ್ತು ದಿನವಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬ್ರೆಡ್ಡು, ಸಾಸು, ನೂಡಲ್ಸ್‌ಗಳ ಉಪ್ಪೂ ಇದೇ 600 ಗ್ರಾಂ ಒಳಗೇ ಬರಬೇಕು.

ಸಕ್ಕರೆ: ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ನಾಲ್ವರಿಗೆ ತಿಂಗಳಿಗೆ 3 ಕೆಜಿ. ಕೇಳುವುದಕ್ಕೆ ಧಾರಾಳವಾಗಿದೆ ಅಲ್ಲವೇ? ಬೆಲ್ಲ, ಜೇನು, ಬಿಸ್ಕತ್ತು, ಜಾಮು, ಹಬ್ಬದ ಮೈಸೂರುಪಾಕು, ಹೊರಗೆ ಕುಡಿದ ಟೀ ಎಲ್ಲವೂ ಈ ಮೂರು ಕೆಜಿಯೊಳಗೇ ಎಂದ ಕೂಡಲೇ ಅದು ಬಿಗಿಯಾಗುತ್ತದೆ.

ಇನ್ನು ಹೆಚ್ಚಿಸಬೇಕಾದ ಸಾಲು. ಬೇಳೆಕಾಳು ಒಬ್ಬರಿಗೆ ದಿನಕ್ಕೆ 85 ಗ್ರಾಂ. ನಾಲ್ವರಿಗೆ ತಿಂಗಳಿಗೆ ಹತ್ತು ಕೆಜಿ! ಮೊಟ್ಟೆ, ಮೀನು, ಮಾಂಸ ತಿನ್ನುವವರು ಇದರಲ್ಲಿ ಒಂದು ಪಾಲು ಕಳೆಯಬಹುದು. ಆದರೂ ನಿಮ್ಮ ಕಳೆದ ತಿಂಗಳ ಬಿಲ್ಲು ತೆಗೆದು ತೊಗರಿ, ಹೆಸರು, ಕಡಲೆ, ಅಲಸಂದೆ, ಹುರುಳಿ ಎಲ್ಲ ಕೂಡಿಸಿ ನೋಡಿ. ಎರಡು ಕೆಜಿ ತೊಗರಿಬೇಳೆ, ಅರ್ಧ ಕೆಜಿ ಹೆಸರುಬೇಳೆಗೆ ನಿಂತಿರುವ ಚೀಟಿಗಳೇ ಹೆಚ್ಚು. ತಿಳಿಸಾರಿಗೆ ಒಂದು ಹಿಡಿ ಬೇಳೆ ಹಾಕಿ ಐದು ಜನ ಅಕ್ಕಿಯನ್ನೇ ತಿನ್ನುವ ನಮ್ಮ ಊಟದ ಕೊರತೆ ಇಲ್ಲೇ ಇದೆ. ದುಬಾರಿ ಪ್ರೋಟೀನ್ ಪುಡಿಯ ಡಬ್ಬ ಕೊಳ್ಳುವ ಮುನ್ನ ಚೀಟಿಯಲ್ಲಿ ಹುರುಳಿ ಒಂದು ಕೆಜಿ, ಹೆಸರುಕಾಳು ಒಂದು ಕೆಜಿ, ಕಡಲೆಕಾಳು ಒಂದು ಕೆಜಿ ಬರೆಯಿರಿ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇದೆ.

ತರಕಾರಿ ದಿನಕ್ಕೆ 400 ಗ್ರಾಂ, ಹಣ್ಣು 100 ಗ್ರಾಂ. ಇವಕ್ಕೆ ಸೂಪರ್ ಮಾರ್ಕೆಟ್ಟಿಗಿಂತ ಸಂತೆ, ಹಾಪ್‌ಕಾಮ್ಸ್, ಮನೆ ಮುಂದೆ ಬರುವ ಗಾಡಿಯೇ ವಾಸಿ. ದಿನಸಿಯ ಖರ್ಚು ಹೇಳುವಾಗ ಇವನ್ನೂ ಸೇರಿಸಿ ಹೇಳಿ. ಬಿಸ್ಕತ್ತಿಗೆ ಹೋಗುವ ದುಡ್ಡು ಎಣಿಕೆಗೆ ಬಾರದೆ ಬಾಳೆಹಣ್ಣಿನದು ಮಾತ್ರ ದುಬಾರಿ ಎನಿಸುವುದು ಇದರಿಂದಲೇ.

2. ಅಂಗಡಿಯ ಒಳಗೆ

ಕಿರಾಣಿ ಅಂಗಡಿಗೆ ಚೀಟಿ ಕೊಟ್ಟು ಬರುವವರು ಸಾಮಾನಿನ ಹೆಸರನ್ನು ಬಿಡಿಸಿ ಬರೆಯಿರಿ. "ಎಣ್ಣೆ 1 ಲೀ." ಎಂದರೆ ಅಂಗಡಿಯವರು ಲಾಭ ಹೆಚ್ಚಿರುವುದನ್ನು ಹಾಕುತ್ತಾರೆ, ಅದು ಅವರ ವ್ಯಾಪಾರ. "ಕಡಲೆಕಾಯಿ ಎಣ್ಣೆ, ಮಿಶ್ರಣ ಬೇಡ" ಎಂದು ಬರೆಯಿರಿ. ಉತ್ತರ ಕರ್ನಾಟಕದವರು ಶೇಂಗಾ ಎಣ್ಣೆ ಎನ್ನಿ, ಮಾತು ಅದೇ.

ಸೂಪರ್ ಮಾರ್ಕೆಟ್ಟಿನಲ್ಲಿ ಮೊದಲು ಬೇಳೆ, ಧಾನ್ಯದ ಕಡೆ ಹೋಗಿ ಗಾಡಿ ತುಂಬಿಸಿ. ಕಣ್ಣಿನ ಎತ್ತರದ ಸಾಲಿನಲ್ಲಿ ಕಂಪನಿಗಳು ಮಾರಲು ಬಯಸುವ ಸಾಮಾನಿರುತ್ತದೆ, ಬೇಕಾದ್ದು ಬಗ್ಗಿದರೆ ಸಿಗುತ್ತದೆ. ಬಿಲ್ಲಿನ ಸಾಲಿನ ಪಕ್ಕ, ಮಕ್ಕಳ ಕೈಗೆಟಕುವ ಹಾಗೆ ಚಾಕೊಲೇಟು ಜೋಡಿಸಿರುವುದು ಆಕಸ್ಮಿಕವಲ್ಲ. ಆ್ಯಪ್‌ನಲ್ಲಿ ತರಿಸುವವರು ಚಿತ್ರಗಳನ್ನು ಕೊನೆಯವರೆಗೂ ಸರಿಸಿ. ಪೊಟ್ಟಣದ ಹಿಂಬದಿ ಸಾಮಾನ್ಯವಾಗಿ ಕೊನೆಯ ಚಿತ್ರದಲ್ಲಿರುತ್ತದೆ. ಅದಿಲ್ಲದ ಹೊಸ ಸಾಮಾನನ್ನು ತರಿಸದಿರುವುದೇ ಲೇಸು.

3. ಪೊಟ್ಟಣ ತಿರುಗಿಸಿ, ಪದಾರ್ಥಗಳ ಪಟ್ಟಿ ಓದಿ

ಈ ಲೇಖನದಲ್ಲಿ ಒಂದೇ ಒಂದು ಅಭ್ಯಾಸ ಕಲಿಯುವುದಾದರೆ ಇದನ್ನು ಕಲಿಯಿರಿ. 'ಇನ್‌ಗ್ರೀಡಿಯೆಂಟ್ಸ್' ಎಂಬ ತಲೆಬರಹದ ಕೆಳಗೆ ಒಳಗೆ ಏನೇನಿದೆ ಎಂದು ಬರೆದಿರುತ್ತಾರೆ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇರುವುದು ಕೊನೆಗೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ ನಿಯಮ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಆ ತಿಂಡಿಯ ಜಾತಕ ಗೊತ್ತಾಗುತ್ತದೆ.

ಎದುರಿಗಿರುವ ಯಾವುದಾದರೂ 'ರಾಗಿ ಬಿಸ್ಕತ್ತು' ಎತ್ತಿಕೊಳ್ಳಿ. ಮುಂದೆ ರಾಗಿ ತೆನೆಯ ಚಿತ್ರ, ಕಂದು ಬಣ್ಣ, ಸೆಣಬಿನ ಚೀಲದ ವಿನ್ಯಾಸ. ಹಿಂದೆ ತಿರುಗಿಸಿದರೆ ಹೀಗಿರಬಹುದು: ರಿಫೈನ್ಡ್ ವೀಟ್ ಫ್ಲೋರ್, ಶುಗರ್, ಪಾಮ್ ಆಯಿಲ್, ರಾಗಿ ಫ್ಲೋರ್ 12%, ಇನ್ವರ್ಟ್ ಸಿರಪ್. ರಿಫೈನ್ಡ್ ವೀಟ್ ಫ್ಲೋರ್ ಎಂದರೆ ಮೈದಾ. ಅಂದರೆ ನೀವು ಕೊಂಡದ್ದು ಮೈದಾ ಬಿಸ್ಕತ್ತು, ರಾಗಿ ನೆಂಟರ ಹಾಗೆ ಬಂದು ಹೋಗಿದೆ. ಮುಂಬದಿಯಲ್ಲಿ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಎಂದು ಹಿಂದೆ ಬರೆಯಲೇಬೇಕು. ರಾಗಿ, ಬಾದಾಮಿ, ಜೇನು, ಸಿರಿಧಾನ್ಯ ಏನೇ ಇರಲಿ, ಆ ಶೇಕಡಾವಾರನ್ನು ಹುಡುಕಿ.

ಸಕ್ಕರೆಗೆ ಹಲವು ಹೆಸರು. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಕಾರ್ನ್ ಸಿರಪ್, ಡೇಟ್ ಸಿರಪ್ ಎಲ್ಲವೂ ಅದರ ಬಳಗವೇ. ಮಾಲ್ಟೊಡೆಕ್ಸ್‌ಟ್ರಿನ್ ಎಂಬುದು ಪಿಷ್ಟದಿಂದ ಮಾಡಿದ ಪುಡಿ. ನಾಲಿಗೆಗೆ ಅಷ್ಟು ಸಿಹಿ ಎನಿಸದಿದ್ದರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಒಂದೇ ಪಟ್ಟಿಯಲ್ಲಿ ಮೂರು ಬಗೆಯ ಸಿಹಿ ಬೇರೆ ಬೇರೆ ಹೆಸರಲ್ಲಿದ್ದರೆ ಗಮನಿಸಿ. ಒಟ್ಟುಗೂಡಿಸಿದ್ದರೆ ಅದು ಪಟ್ಟಿಯ ತುದಿಗೇ ಬಂದಿರುತ್ತಿತ್ತು.

ಎಣ್ಣೆಯಲ್ಲೂ ಇದೇ ಕತೆ. 'ಎಡಿಬಲ್ ವೆಜಿಟಬಲ್ ಫ್ಯಾಟ್', 'ಹೈಡ್ರೋಜನೇಟೆಡ್', 'ಇಂಟರೆಸ್ಟೆರಿಫೈಡ್' ಎಂದಿದ್ದರೆ ಎಣ್ಣೆಯನ್ನು ಗಟ್ಟಿಯಾಗಿರುವಂತೆ ಮಾರ್ಪಡಿಸಿದ್ದಾರೆ ಎಂದರ್ಥ. ಹೃದಯಕ್ಕೆ ತೀರಾ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್‌ಗೆ 2022ರ ಜನವರಿಯಿಂದ ನಮ್ಮಲ್ಲಿ ಶೇ. 2ರ ಮಿತಿ ಇದೆ. ಆದರೆ ಪರ್ಯಾಪ್ತ ಕೊಬ್ಬು, ಅಂದರೆ ಬೆಣ್ಣೆ, ತಾಳೆ ಎಣ್ಣೆ, ವನಸ್ಪತಿಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಫ್ಯಾಟ್ ಉಳಿದೇ ಇರುತ್ತದೆ.

ಇನ್ನು ಐಎನ್‌ಎಸ್ ಎಂಬ ಸಂಖ್ಯೆಗಳು. ಇವು ಆಹಾರಕ್ಕೆ ಸೇರಿಸುವ ಬಣ್ಣ, ಸಂರಕ್ಷಕ, ರುಚಿವರ್ಧಕಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಕ್ರಮಾಂಕ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ 'ಈ ನಂಬರ್ ಇದ್ದರೆ ವಿಷ' ಪಟ್ಟಿಗಳನ್ನು ನಂಬಬೇಡಿ. 100 ಎಂದರೆ ಅರಿಶಿನದ ಕುರ್ಕುಮಿನ್, 330 ಎಂದರೆ ನಿಂಬೆಯಲ್ಲೂ ಇರುವ ಸಿಟ್ರಿಕ್ ಆಮ್ಲ, 500 ಎಂದರೆ ಸೋಡಾ ಬಗೆಯವು. 102 ಮತ್ತು 110 ಕೃತಕ ಹಳದಿ ಬಣ್ಣಗಳು, 211 ಸೋಡಿಯಂ ಬೆಂಜೋಯೇಟ್ ಎಂಬ ಸಂರಕ್ಷಕ, 621 ನಾವು ಟೇಸ್ಟಿಂಗ್ ಪೌಡರ್ ಎನ್ನುವ ಅಜಿನೊಮೊಟೊ ಬಗೆ, 951 ಮತ್ತು 955 ಕೃತಕ ಸಿಹಿಗಳು. ನನ್ನ ಅಳತೆ ಸರಳ. ಒಂದೆರಡು ಸಂಖ್ಯೆ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಪದಾರ್ಥಕ್ಕಿಂತ ಸಂಖ್ಯೆಯೇ ಹೆಚ್ಚಿದ್ದರೆ ಅದು ದಿನಾ ತಿನ್ನುವ ಸಾಮಾನಲ್ಲ.

ಒಂದು ಸಿಟ್ಟು ಹೇಳಿಬಿಡುತ್ತೇನೆ. ಈ ಮಾಹಿತಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ನಿಯಮದ ಪ್ರಕಾರ ಸಾಕು. ಕನ್ನಡದಲ್ಲಿ ಮುದ್ರಿಸುವವರು ವಿರಳ. ಮನೆಯಲ್ಲಿ ಅಡುಗೆ ನೋಡಿಕೊಳ್ಳುವ ಎಷ್ಟೋ ತಾಯಂದಿರು ಇಡೀ ಲೇಬಲ್ಲಿನಿಂದಲೇ ಹೊರಗುಳಿಯುತ್ತಾರೆ. ಸದ್ಯಕ್ಕೆ ಮೊಬೈಲಿನ ಅನುವಾದದ ಕ್ಯಾಮೆರಾವನ್ನು ಅವರಿಗೆ ಕಲಿಸಿಕೊಡಿ.

4. ಅಂಕಿಗಳ ಪಟ್ಟಿ: ನೋಡಬೇಕಾದ್ದು ಮೂರೇ ಸಾಲು

'ನ್ಯೂಟ್ರಿಷನಲ್ ಇನ್ಫರ್ಮೇಷನ್' ಎಂಬ ಚೌಕದಲ್ಲಿ ಹತ್ತಾರು ಸಾಲು ಇರುತ್ತದೆ. ನೀವು ಹುಡುಕಬೇಕಾದ್ದು ಆ್ಯಡೆಡ್ ಶುಗರ್ ಅಂದರೆ ಸೇರಿಸಿದ ಸಕ್ಕರೆ, ಸ್ಯಾಚುರೇಟೆಡ್ ಫ್ಯಾಟ್ ಅಂದರೆ ಪರ್ಯಾಪ್ತ ಕೊಬ್ಬು, ಮತ್ತು ಸೋಡಿಯಂ. 'ಪರ್ 100 ಗ್ರಾಂ' ಎಂಬ ಕಂಬದಲ್ಲೇ ಓದಿ. 'ಪರ್ ಸರ್ವ್', ಅಂದರೆ ಒಂದು ಸಲಕ್ಕೆ ಬಡಿಸುವ ಪ್ರಮಾಣ ಎಂಬ ಕಂಬ ಮೋಸ ಹೋಗುವ ಜಾಗ.

ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಬಿಸ್ಕತ್ತು 7 ಗ್ರಾಂ, ನೂರು ಗ್ರಾಂಗೆ ಸಕ್ಕರೆ 24 ಗ್ರಾಂ ಎಂದುಕೊಳ್ಳಿ. ಕಂಪನಿಯ 'ಸರ್ವ್' ಎರಡು ಬಿಸ್ಕತ್ತು. ಅದರಲ್ಲಿ ಸಕ್ಕರೆ 3.4 ಗ್ರಾಂ. ಪಕ್ಕದಲ್ಲಿ ದಿನದ ಮಿತಿಯ ಶೇ. 7 ಎಂದು ಅಚ್ಚಾಗಿರುತ್ತದೆ. ಅದೂ ಆ ಮಿತಿಯನ್ನು 50 ಗ್ರಾಂ ಎಂದು ಹಿಡಿದು. ಈಗ ಎದೆ ಮುಟ್ಟಿ ಹೇಳಿ, ಟೀಗೆ ಎರಡೇ ಬಿಸ್ಕತ್ತು ತಿಂದು ಎದ್ದವರನ್ನು ನೋಡಿದ್ದೀರಾ? ಆರು ತಿಂದರೆ ಹತ್ತು ಗ್ರಾಂ, ಎರಡು ಚಮಚ ಸಕ್ಕರೆ. ಟೀಯಲ್ಲಿರುವುದು ಬೇರೆ.

ಸೋಡಿಯಂ ಸಾಲನ್ನು ಉಪ್ಪಿಗೆ ತಿರುಗಿಸಲು ಎರಡೂವರೆಯಿಂದ ಗುಣಿಸಿ. ನೂಡಲ್ಸಿನ ಮೇಲೆ ನೂರು ಗ್ರಾಂಗೆ 1200 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ, 70 ಗ್ರಾಂ ಪ್ಯಾಕೆಟ್ಟಿನಲ್ಲಿ 840 ಮಿಲಿಗ್ರಾಂ. ಉಪ್ಪಿನ ಲೆಕ್ಕದಲ್ಲಿ 2.1 ಗ್ರಾಂ. ದೊಡ್ಡವರ ಒಂದು ದಿನದ ಮಿತಿಯಲ್ಲಿ ಐದರಲ್ಲಿ ಎರಡು ಪಾಲು ಒಂದು ಸಂಜೆಯ ತಿಂಡಿಗೇ ಹೋಯಿತು. ತಿಂದದ್ದು ಎಂಟು ವರ್ಷದ ಮಗುವಾದರೆ ಇನ್ನೂ ಹೆಚ್ಚಿನ ಪಾಲು.

ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದಕ್ಕೆ ಬ್ರಿಟನ್ನಿನಲ್ಲಿ ಬಳಸುವ ಕೆಂಪು-ಹಳದಿ-ಹಸಿರು ಗುರುತಿನ ಅಳತೆ ಇಲ್ಲೂ ಕೈಗೆ ಬರುತ್ತದೆ. ಗಟ್ಟಿ ಪದಾರ್ಥದ ನೂರು ಗ್ರಾಂನಲ್ಲಿ ಒಟ್ಟು ಸಕ್ಕರೆ 22.5 ಗ್ರಾಂ ದಾಟಿದರೆ, ಪರ್ಯಾಪ್ತ ಕೊಬ್ಬು 5 ಗ್ರಾಂ ದಾಟಿದರೆ, ಸೋಡಿಯಂ 600 ಮಿಲಿಗ್ರಾಂ ದಾಟಿದರೆ ಕೆಂಪು. ಸಕ್ಕರೆ 5 ಗ್ರಾಂ, ಪರ್ಯಾಪ್ತ ಕೊಬ್ಬು 1.5 ಗ್ರಾಂ, ಸೋಡಿಯಂ 120 ಮಿಲಿಗ್ರಾಂ ಒಳಗಿದ್ದರೆ ಹಸಿರು. ಇದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ವ್ಯತ್ಯಾಸ ನೆನಪಿಡಬೇಕು. ಅಲ್ಲಿನ ಅಂಕಿಗಳು ಒಂದು ಸರ್ವಿಂಗಿಗೆ, ನೂರು ಗ್ರಾಂಗೆ ಅಲ್ಲ. ಸರ್ವಿಂಗಿನ ತೂಕ ನೋಡಿ ಗುಣಿಸಿಕೊಳ್ಳಬೇಕು.

5. ಮುಂಬದಿಯ ಮಾತುಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಈ ಹಂತಕ್ಕೆ ಎಂದೇ ಮಾಡಿದಂತಿದೆ. ಮುಂಬದಿಯ ಕೆಲವು ಮಾತಿಗೆ ಕಾನೂನಿನ ಅರ್ಥ ಉಂಟು, ಕೆಲವಕ್ಕೆ ಇಲ್ಲ.

'ಶುಗರ್ ಫ್ರೀ' ಎನ್ನಬೇಕಾದರೆ ನೂರು ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ಆದರೆ ಅದು ಮೈದಾ, ಎಣ್ಣೆಗಳ ಬಗ್ಗೆ ಏನೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯವರು ಶುಗರ್ ಫ್ರೀ ಬಿಸ್ಕತ್ತನ್ನು ಲೆಕ್ಕವಿಲ್ಲದೆ ತಿನ್ನುವುದು ನಾನು ಪದೇ ಪದೇ ಕಾಣುವ ತಪ್ಪು. ಮೈದಾ ಕೂಡ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ.

'ಹೈ ಫೈಬರ್' ಎನ್ನಲು ನೂರು ಗ್ರಾಂಗೆ ಕನಿಷ್ಠ 6 ಗ್ರಾಂ ನಾರು ಇರಬೇಕು, ಬರೀ 'ಸೋರ್ಸ್ ಆಫ್ ಫೈಬರ್' ಎನ್ನಲು 3 ಗ್ರಾಂ ಸಾಕು. ರಾಗಿಹಿಟ್ಟಿನಲ್ಲಿ ಏನೂ ಬರೆಯದೆಯೂ ಹತ್ತು ಗ್ರಾಂ ಆಸುಪಾಸು ಇರುತ್ತದೆ.

'ಕೊಲೆಸ್ಟ್ರಾಲ್ ಇಲ್ಲ' ಎಂದು ಅಡುಗೆ ಎಣ್ಣೆಯ ಮೇಲೆ ಬರೆದಿದ್ದರೆ ಮುಗುಳ್ನಕ್ಕು ಮುಂದೆ ಹೋಗಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಹಣ್ಣಿನ ರಸದ ಡಬ್ಬಗಳ ಮೇಲಿನ 'ಶೇ. 100 ಹಣ್ಣಿನ ರಸ' ಎಂಬ ಮಾತನ್ನು ತೆಗೆಯುವಂತೆ 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶಿಸಿತು. ಗಟ್ಟಿ ಸಾರಕ್ಕೆ ನೀರು ಬೆರೆಸಿ ಮಾಡಿದ್ದನ್ನು ಹಾಗೆ ಕರೆಯುವಂತಿಲ್ಲ ಎಂಬುದು ಅದರ ವಾದ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಂಥವನ್ನು ಆನ್‌ಲೈನ್ ಅಂಗಡಿಗಳು 'ಹೆಲ್ತ್ ಡ್ರಿಂಕ್' ವಿಭಾಗದಲ್ಲಿ ಇಡಬಾರದು ಎಂದಿತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲ. ಮಕ್ಕಳ ಹಾಲಿಗೆ ಎರಡು ಚಮಚ ಪುಡಿ ಹಾಕುವ ಮುನ್ನ ಆ ಡಬ್ಬದ ಹಿಂದಿನ ಸಕ್ಕರೆಯ ಸಾಲು ನೋಡಿ. ಸಿದ್ಧ ರಾಗಿ ಮಾಲ್ಟಿನ ಪೊಟ್ಟಣಕ್ಕೂ ಇದೇ ಮಾತು. ರಾಗಿಗಿಂತ ಸಕ್ಕರೆ ಮೊದಲು ಬರೆದಿರುವುದೂ ಉಂಟು. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದರೆ ಆಯಿತು.

'ಐಸ್‌ಕ್ರೀಂ' ಎಂದುಕೊಂಡು ತರುವ ಡಬ್ಬದ ಮೇಲೆ ಸಣ್ಣದಾಗಿ 'ಫ್ರೋಜನ್ ಡೆಸರ್ಟ್' ಎಂದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿದೆ.

6. ದಿನಾ ಬಳಸುವ ಸಾಮಾನು

*ಎಣ್ಣೆ.* ಒಂದೇ ಎಣ್ಣೆಗೆ ಜೋತುಬೀಳಬೇಡಿ. ಒಂದು ತಿಂಗಳು ಕಡಲೆಕಾಯಿ, ಇನ್ನೊಂದು ತಿಂಗಳು ಸೂರ್ಯಕಾಂತಿ ಅಥವಾ ತೌಡಿನ ಎಣ್ಣೆ, ಒಗ್ಗರಣೆಗೆ ಸ್ವಲ್ಪ ಎಳ್ಳೆಣ್ಣೆ, ಹೀಗೆ ಬದಲಿಸಿ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ. 90 ಪರ್ಯಾಪ್ತ ಕೊಬ್ಬೇ ಇದೆ. ಹಾಗೆಂದು ಕರಾವಳಿಯವರು ಅದನ್ನು ಬಿಡಬೇಕಿಲ್ಲ, ಅಳೆದು ಬಳಸಬೇಕು. ತೆಂಗಿನಕಾಯಿ ತುರಿ ಧಾರಾಳವಾಗಿ ಬೀಳುವ ದಿನ ಎಣ್ಣೆ ಕಡಿಮೆ ಮಾಡಿ. ಗಾಣದ ಎಣ್ಣೆ ರುಚಿಗೆ ಒಳ್ಳೆಯದು, ಆದರೆ ಅದೂ ಗ್ರಾಂಗೆ ಒಂಬತ್ತು ಕ್ಯಾಲರಿಯದೇ. 'ಗಾಣದ್ದಲ್ವಾ' ಎಂದು ಇನ್ನೊಂದು ಸೌಟು ಹಾಕಿದರೆ ಉಪಯೋಗವಿಲ್ಲ. 'ಬ್ಲೆಂಡೆಡ್' ಎಂದಿದ್ದರೆ ಮಿಶ್ರಣ, ಯಾವುದು ಎಷ್ಟು ಎಂದು ಓದಿ.

*ಅಕ್ಕಿ, ಹಿಟ್ಟು, ಸಿರಿಧಾನ್ಯ.* ಬಿಳಿ ಸೋನಾ ಮಸೂರಿಯನ್ನು ಒಮ್ಮೆಲೇ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಒಂದು ಹೊತ್ತು ಮುದ್ದೆ, ರೊಟ್ಟಿ ಅಥವಾ ಕುಚ್ಚಲಕ್ಕಿ ಗಂಜಿ ಇರಲಿ. ರಾಗಿಯ ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದೇ ತೂಕದ ಹಾಲಿನಲ್ಲಿ 120ರ ಆಸುಪಾಸು. ಮಲ್ಟಿಗ್ರೇನ್ ಹಿಟ್ಟಿನಲ್ಲಿ ಗೋಧಿಯೇ ತೊಂಬತ್ತು ಭಾಗ ಇರುವುದು ಸಾಮಾನ್ಯ. ಹೆಚ್ಚಿಗೆ ದುಡ್ಡು ಕೊಡುವ ಬದಲು ಗಿರಣಿಗೆ ಗೋಧಿಯ ಜೊತೆ ಒಂದಿಷ್ಟು ಜೋಳ, ಕಡಲೆ, ಸೋಯಾ ಹಾಕಿಸಿ, ಜರಡಿ ಹಿಡಿಯದೆ ಬಳಸಿ. ನವಣೆ, ಸಾಮೆ, ಊದಲು ಕೊಳ್ಳುವಾಗ ತೀರಾ ಬೆಳ್ಳಗೆ ಹೊಳೆಯುವುದನ್ನು ಬಿಡಿ. ಅದು ಪಾಲಿಶ್ ಆದದ್ದು, ನಾರು ಹೋಗಿರುತ್ತದೆ.

ರೇಷನ್ ಅಕ್ಕಿಯಲ್ಲಿ ಸ್ವಲ್ಪ ಬೇರೆ ಬಣ್ಣದ, ನೀರಲ್ಲಿ ತೇಲುವ ಕಾಳು ಕಂಡರೆ 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯಬೇಡಿ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದಲೇ ಮಾಡಿದ ಸಾರವರ್ಧಿತ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಸಾರವರ್ಧಿತ ಆಹಾರದ ಪೊಟ್ಟಣಗಳ ಮೇಲೆ ನೀಲಿ ಬಣ್ಣದ 'ಪ್ಲಸ್ ಎಫ್' ಗುರುತು ಇರುತ್ತದೆ.

*ಉಪ್ಪು, ಬೆಲ್ಲ.* ಗುಲಾಬಿ ಉಪ್ಪು, ಕಲ್ಲುಪ್ಪು ಎಲ್ಲದರಲ್ಲೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಅಯೋಡಿನ್ ಇಲ್ಲದ್ದಾದರೆ ನಷ್ಟ ನಿಮಗೇ. 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ, ವೈದ್ಯರನ್ನು ಕೇಳದೆ ತರಬೇಡಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಆ ಮೂರು ಕೆಜಿಯ ಲೆಕ್ಕಕ್ಕೆ ಸೇರಲೇಬೇಕು. ಕೊಳ್ಳುವಾಗ ಚಿನ್ನದ ಬಣ್ಣಕ್ಕೆ ಮನಸೋಲದೆ ಕಂದು ಬಣ್ಣದ್ದನ್ನೇ ಕೇಳಿ. ಹೊಳಪಿಗಾಗಿ ಹೈಡ್ರೋಸ್ ಎಂಬ ಬಿಳುಪು ರಾಸಾಯನಿಕ ಹಾಕುವ ಆಲೆಮನೆಗಳಿವೆ.

*ಹಾಲು.* ಟೋನ್ಡ್ ಎಂದರೆ ಕೊಬ್ಬು ಶೇ. 3. ನಂದಿನಿಯ ನೀಲಿ ಪ್ಯಾಕೆಟ್ಟು ಇದೇ. ಸ್ಟ್ಯಾಂಡರ್ಡೈಸ್ಡ್ ಶೇ. 4.5, ಫುಲ್ ಕ್ರೀಂ ಶೇ. 6. ದೊಡ್ಡವರಿಗೆ ಟೋನ್ಡ್ ಸಾಕು. ಹಣ್ಣಿನ ರುಚಿಯ ಮೊಸರಿನ ಕಪ್ಪುಗಳಿಗಿಂತ ಮನೆ ಮೊಸರಿಗೆ ಬಾಳೆಹಣ್ಣು ಹಾಕಿಕೊಳ್ಳಿ.

*ಕುರುಕಲು.* ಇಲ್ಲಿಯೇ ಹೆಚ್ಚಿನ ಚೀಟಿಗಳು ಸೋಲುವುದು. ಖಾರದ ಮಿಕ್ಸ್‌ಚರಿನ ಮೇಲೆ ನೂರು ಗ್ರಾಂಗೆ 35 ಗ್ರಾಂ ಕೊಬ್ಬು ಎಂದಿದ್ದರೆ 200 ಗ್ರಾಂ ಪ್ಯಾಕೆಟ್ಟಿನಲ್ಲಿ 70 ಗ್ರಾಂ ಆಯಿತು. ಒಬ್ಬರ ಎರಡೂವರೆ ದಿನದ ಎಣ್ಣೆ. ಬದಲಿಗೆ ಏನು? ಮಂಡಕ್ಕಿ, ಹುರಿಗಡಲೆ, ಹುರಿದ ಕಡಲೆಕಾಯಿ, ತೆಳು ಅವಲಕ್ಕಿ, ಬೇಯಿಸಿದ ಅವರೆಕಾಳು. ಚಕ್ಕುಲಿ, ಕೋಡುಬಳೆ ಹಬ್ಬಕ್ಕೆ ಇರಲಿ. ಮನೆಯಲ್ಲೇ ಮಂಡಕ್ಕಿ ಒಗ್ಗರಣೆ ಹಾಕಿಡುವುದು ಹತ್ತು ನಿಮಿಷದ ಕೆಲಸ, ಆದರೆ ಯಾರಾದರೂ ಮಾಡಬೇಕು ತಾನೇ? ಆ 'ಯಾರಾದರೂ' ಯಾವಾಗಲೂ ಅಮ್ಮನೇ ಆದರೆ ಎರಡು ವಾರಕ್ಕೆ ಮತ್ತೆ ಪ್ಯಾಕೆಟ್ಟು ಬರುತ್ತದೆ. ಸರದಿ ಹಾಕಿಕೊಳ್ಳಿ.

7. ಬೆಲೆ, ತೂಕ, ದಿನಾಂಕ

ಒಳ್ಳೆಯ ಆಹಾರ ದುಬಾರಿ ಎಂಬ ದೂರಿಗೆ ಪೊಟ್ಟಣದಲ್ಲೇ ಉತ್ತರವಿದೆ. ಎಂಆರ್‌ಪಿ ಪಕ್ಕದಲ್ಲಿ ಯುಎಸ್‌ಪಿ ಎಂದು ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಎಂಬ ದರ ಇರುತ್ತದೆ. ಅದನ್ನೇ ಹೋಲಿಸಿ. ಲೀಟರಿನಷ್ಟೇ ಎತ್ತರ ಕಾಣುವ ಎಣ್ಣೆ ಪೌಚಿನಲ್ಲಿ 800 ಗ್ರಾಂ ಅಥವಾ ಇನ್ನೂ ಕಡಿಮೆ ಇರಬಹುದು. 'ಒಂದು ಕೊಂಡರೆ ಒಂದು ಉಚಿತ' ಬೇಳೆಗಿದ್ದರೆ ತನ್ನಿ, ಬಿಸ್ಕತ್ತಿಗಿದ್ದರೆ ಬಿಡಿ. ಉಚಿತ ಬಂದದ್ದನ್ನೂ ತಿನ್ನುವವರು ನೀವೇ.

'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ದಿನ ಕಳೆದ ಮೇಲೆ ತಿನ್ನಬಾರದು. 'ಬೆಸ್ಟ್ ಬಿಫೋರ್' ಎಂದರೆ ಅಲ್ಲಿಯವರೆಗೆ ರುಚಿ, ಗರಿಗರಿ ಸರಿಯಾಗಿರುತ್ತದೆ ಎಂದರ್ಥ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ.

8. ಸಾಮಾನು ಸರಿಯಿಲ್ಲದಿದ್ದರೆ

ಬಿಲ್ಲು ಮತ್ತು ಖಾಲಿ ಪೊಟ್ಟಣ ಎಸೆಯಬೇಡಿ. ಬ್ಯಾಚ್ ಸಂಖ್ಯೆ, ದಿನಾಂಕ ಕಾಣುವ ಹಾಗೆ ಫೋಟೋ ತೆಗೆಯಿರಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಇದೆ. ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಯ ಕಚೇರಿಗೂ ಬರೆದು ಕೊಡಬಹುದು.

ಕಲಬೆರಕೆಯ ಗಟ್ಟಿ ಅನುಮಾನ ಇದ್ದರೆ ಇನ್ನೊಂದು ದಾರಿಯಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಸಾಮಾನನ್ನು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಒಂದೇ ಷರತ್ತು, ಪರೀಕ್ಷೆಗೆ ಕಳಿಸುತ್ತೇನೆ ಎಂಬುದನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಹಾಗಾಗಿ ಮನೆಯಲ್ಲಿರುವ ಅರ್ಧ ಬಳಸಿದ ಪ್ಯಾಕೆಟ್ಟು ಇದಕ್ಕೆ ಬಾರದು. ಅದೇ ಬ್ಯಾಚಿನ ಹೊಸ ಪ್ಯಾಕೆಟ್ಟನ್ನು ಹೇಳಿಯೇ ಕೊಂಡು, ಬಿಲ್ಲಿನ ಸಮೇತ ಒಪ್ಪಿಸಿ.